ಪಂಪ್‌ಶೆಡ್ ಬೋರ್ಡಿಗೆ ಫ್ಲೈಬ್ಯಾಕ್ ಸಾಕು, ಯೋಚಿಸಬೇಕಾದದ್ದು ಫೀಡ್‌ಬ್ಯಾಕ್ ಬಗ್ಗೆ

ನಿಮ್ಮ ಪ್ರಶ್ನೆ ಇಷ್ಟು: ಸಾಗರದ ಹತ್ತಿರ ಅಡಿಕೆ ತೋಟ. ಮನೆಯಲ್ಲಿ ಕೂತೇ ಮೊಬೈಲ್‌ನಿಂದ ಪಂಪ್ ಹಾಕಿ ಆರಿಸುವ ಬೋರ್ಡ್ ಮಾಡುತ್ತಿದ್ದೀರಿ. ಅದಕ್ಕೆ 5 ವೋಲ್ಟ್, 2 ಆಂಪಿಯರ್ ಐಸೋಲೇಟೆಡ್ ಸಪ್ಲೈ ಬೇಕು, ಅಂದರೆ ಕರೆಂಟ್ ಲೈನಿಗೆ ನೇರ ತಂತಿ ಸಂಪರ್ಕ ಇಲ್ಲದ್ದು. ಸ್ವಿಚಿಂಗ್ ಸಪ್ಲೈನ ಬಗೆಗಳಲ್ಲಿ ಯಾವುದು: ಫ್ಲೈಬ್ಯಾಕಾ, ಫಾರ್ವರ್ಡಾ, ಎಲ್‌ಎಲ್‌ಸಿನಾ? ಔಟ್‌ಪುಟ್ ಎಷ್ಟಿದೆ ಅನ್ನುವ ಸುದ್ದಿ (ಫೀಡ್‌ಬ್ಯಾಕ್) ತರಲು ಆಪ್ಟೋಕಪ್ಲರ್, ಅಂದರೆ ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ, ಬೇಕಾ, ಪ್ರೈಮರಿ (ಟ್ರಾನ್ಸ್‌ಫಾರ್ಮರ್‌ನ ಲೈನ್) ಕಡೆಯಿಂದಲೇ ರೆಗ್ಯುಲೇಟ್ ಮಾಡಿದರೆ ನಡೆಯುತ್ತದಾ?

ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 10 ವ್ಯಾಟ್‌ಗೆ ಫ್ಲೈಬ್ಯಾಕ್, ಅಷ್ಟೇ. ಫಾರ್ವರ್ಡ್‌ಗೆ ಔಟ್‌ಪುಟ್‌ನಲ್ಲಿ ಬೇರೆ ಇಂಡಕ್ಟರ್ ಬೇಕು, ಟ್ರಾನ್ಸ್‌ಫಾರ್ಮರ್ ಕೋರ್‌ನಲ್ಲಿ ಉಳಿದ ಕಾಂತತೆಯನ್ನು ಪ್ರತಿ ಸಲ ಇಳಿಸುವ (ರೀಸೆಟ್) ಏರ್ಪಾಡೂ ಬೇಕು. ಎಲ್‌ಎಲ್‌ಸಿ ಚೆಂದದ ಸರ್ಕ್ಯೂಟ್, ಆದರೆ ಅದಕ್ಕೆ ಇನ್‌ಪುಟ್ ಜಾಸ್ತಿ ಏರಿಳಿಯಬಾರದು. ಮಳೆಗಾಲದ ನಮ್ಮ ಲೈನ್ ನೋಡಿದವರು ಆ ಮಾತು ಎತ್ತುವುದಿಲ್ಲ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪಂಪ್‌ಶೆಡ್‌ನಲ್ಲಿ ನ್ಯೂಟ್ರಲ್ ಇದೆಯಾ? ನಾನು ಬೋರ್ಡ್ ಕೂರಿಸಿದ ಸುಮಾರು ಶೆಡ್‌ಗಳಲ್ಲಿ ಮೂರು ಫೇಸ್ ಮಾತ್ರ ಇದ್ದವು. ಸ್ಟಾರ್ಟರ್ ಕಾಯಿಲ್ ಕೂಡ ಎರಡು ಫೇಸ್ ನಡುವೆಯೇ. ಅಂದರೆ ನಿಮಗೆ ಸಿಗುವುದು 230 ಅಲ್ಲ, 415 ವೋಲ್ಟ್. ರೆಕ್ಟಿಫೈ ಮಾಡಿದರೆ ಸುಮಾರು 587 ವೋಲ್ಟ್ ಡಿಸಿ. 400 ವೋಲ್ಟಿನ ಒಂದೇ ಕೆಪಾಸಿಟರ್ ಹಾಕಿದರೆ ಪಟಾಕಿ. ಅಂಥವೇ ಎರಡನ್ನು ಸೀರೀಸ್‌ನಲ್ಲಿ ಹಾಕಿ, ಎರಡಕ್ಕೂ ಸಮ ವೋಲ್ಟೇಜ್ ಹಂಚಲು ರೆಸಿಸ್ಟರ್ ಕೊಡಿ. ಸ್ವಿಚ್ ಆಗಿ ಕೆಲಸ ಮಾಡುವ ಮಾಸ್‌ಫೆಟ್ 1000 ವೋಲ್ಟಿಗೆ ಕಡಿಮೆ ಬೇಡ. ಆಫ್ ಆದಾಗ ಅದರ ಮೇಲೆ ಸೆಕೆಂಡರಿಯಿಂದ ತಿರುಗಿ ಬರುವ ರಿಫ್ಲೆಕ್ಟೆಡ್ ವೋಲ್ಟೇಜ್ ಒಂದು 100, ಲೀಕೇಜ್ ಇಂಡಕ್ಟನ್ಸ್‌ನ ಸ್ಪೈಕ್ ಬೇರೆ ಕೂಡುತ್ತದೆ.

ಇನ್ನು ಫೀಡ್‌ಬ್ಯಾಕ್. ನನ್ನ ಮೊದಲ ಬೋರ್ಡ್‌ನಲ್ಲಿ ದುಡ್ಡು ಉಳಿಸಲು ಆಪ್ಟೋ ಬಿಟ್ಟು ಪ್ರೈಮರಿ ಸೈಡ್ ಐಸಿ ಹಾಕಿದ್ದೆ. ಅದು ಟ್ರಾನ್ಸ್‌ಫಾರ್ಮರ್‌ನ ಆಕ್ಸಿಲರಿ (ಹೆಚ್ಚುವರಿ) ವೈಂಡಿಂಗ್‌ನ ವೋಲ್ಟೇಜ್ ನೋಡಿ ಔಟ್‌ಪುಟ್ ಅಂದಾಜು ಮಾಡುತ್ತದೆ. ಮನೆ ಮೇಜಿನ ಮೇಲೆ ಬೋರ್ಡ್ ಮುತ್ತಿನಂಥದ್ದು. ತೋಟಕ್ಕೆ ಒಯ್ದರೆ ಪ್ರತಿ ಸಲ ಮೆಸೇಜ್ ಕಳಿಸುವಾಗ ಬೋರ್ಡಿನ ಮೊಬೈಲ್ ಮೋಡೆಮ್ ರೀಸೆಟ್. ಎರಡು ದಿನ ಸಿಗ್ನಲ್ ಸಿಗದ ಗುಡ್ಡವನ್ನು ಬೈದೆ, ಸಿಮ್ ಬದಲಾಯಿಸಿದೆ. ಆಮೇಲೆ ಆಸಿಲೋಸ್ಕೋಪ್ ಹಚ್ಚಿ ನೋಡಿದರೆ 5 ವೋಲ್ಟ್ ದಡಕ್ಕನೆ 4ಕ್ಕೆ ಇಳಿಯುತ್ತಿತ್ತು.

ಕಾರಣ ಸರಳ. ಮೋಡೆಮ್ ಸುಮ್ನೆ ಇರುವಾಗ ಲೋಡ್ ತೀರಾ ಕಡಿಮೆ. ಆಗ ಈ ಐಸಿ ಸ್ವಿಚಿಂಗನ್ನು ಬಹಳ ನಿಧಾನ ಮಾಡುತ್ತದೆ. ಔಟ್‌ಪುಟ್ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದು ಸ್ವಿಚ್ ಆದಾಗ ಮಾತ್ರ. ಸಿಗ್ನಲ್ ವೀಕ್ ಇದ್ದ ಕಡೆ 2ಜಿ ಮೋಡೆಮ್ ಪೂರ್ತಿ ಪವರ್‌ನಲ್ಲಿ ಕೂಗುತ್ತದೆ, ಅರ್ಧ ಮಿಲಿಸೆಕೆಂಡ್ ಚಿಲ್ಲರೆ 2 ಆಂಪಿಯರ್ ಎಳೆಯುತ್ತದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ 1 ವೋಲ್ಟ್ ಹೋಗಲು ಅಷ್ಟು ಸಾಕು. ಐಸಿ ಎಚ್ಚರ ಆಗುವಷ್ಟರಲ್ಲಿ ಮೋಡೆಮ್ ಮಲಗಿರುತ್ತದೆ. ಬರೀ ರಿಲೇ, ಟೈಮರ್ ಇದ್ದರೆ ಆ ಐಸಿಯೇ ಸಾಕಿತ್ತು ಅನ್ನಿ.

ಹಾಗಾಗಿ ನಿಮಗೆ ಔಟ್‌ಪುಟ್ಟನ್ನು ತನ್ನ ರೆಫರೆನ್ಸ್ ವೋಲ್ಟೇಜ್ ಜೊತೆ ಹೋಲಿಸುವ ಟಿಎಲ್431 ಐಸಿ, ಜೊತೆಗೆ ಪಿಸಿ817 ಆಪ್ಟೋ. ಟಿಎಲ್431ರ ರೆಫರೆನ್ಸ್ 2.5 ವೋಲ್ಟ್, ಆದ್ದರಿಂದ 5 ವೋಲ್ಟನ್ನು ಅರ್ಧ ಮಾಡಿ ಕೊಡುವ ಡಿವೈಡರ್‌ಗೆ ಎರಡೂ ರೆಸಿಸ್ಟರ್ 10 ಕೆ (ಕಿಲೋಓಮ್). ಆಪ್ಟೋ ಎಲ್‌ಇಡಿಗೆ ಅಡ್ಡಲಾಗಿ 1 ಕೆ ಹಾಕಿ. ಟಿಎಲ್431 ಸರಿಯಾಗಿ ಕೆಲಸ ಮಾಡಲು 1 ಮಿಲಿಆಂಪಿಯರ್ ಬೇಕು, ಅದು ಇಲ್ಲಿಂದ ಸಿಗುತ್ತದೆ. ಆಪ್ಟೋಗೆ ವಯಸ್ಸಾದಂತೆ ಎಲ್‌ಇಡಿ ಮಂಕಾಗುತ್ತದೆ. ಡೇಟಾಶೀಟ್‌ನಲ್ಲಿರುವ ಕನಿಷ್ಠ ಸಿಟಿಆರ್‌ನ (ಎಲ್‌ಇಡಿಗೆ ಕೊಟ್ಟ ಕರೆಂಟಿಗೆ ಆಚೆ ಬದಿ ಸಿಗುವ ಕರೆಂಟಿನ ಅನುಪಾತ) ಅರ್ಧ ಹಿಡಿದೇ ಲೆಕ್ಕ ಹಾಕಿ. ಆಪ್ಟೋ ಕೈಕೊಟ್ಟರೆ ಔಟ್‌ಪುಟ್ ಇಳಿಯುವುದಿಲ್ಲ, ಏರುತ್ತದೆ. ಮೋಡೆಮ್ ಉಳಿಯಬೇಕಾದರೆ 5 ವೋಲ್ಟ್ ಲೈನಿಗೆ ಒಂದು ಓವರ್‌ವೋಲ್ಟೇಜ್ ರಕ್ಷಣೆ ಇರಲಿ.

ಡಿವೈಡರ್‌ಗೆ ಕರೆಂಟ್ ಉಳಿಸಲು 1 ಮೆಗಾಓಮ್ ಹಾಕುವ ಆಸೆ ಬೇಡ. ಆಷಾಢದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ನಮ್ಮದು, ಅಲ್ವಾ? ಬೋರ್ಡ್ ಮೇಲಿನ ತೇವವೇ ರೆಸಿಸ್ಟರ್ ಆಗಿ ವೋಲ್ಟೇಜ್ ಅಲ್ಲಾಡಿಸುತ್ತದೆ. ಆಪ್ಟೋ ಕೆಳಗೆ ಬೋರ್ಡ್ ಕೊರೆದು ಸ್ಲಾಟ್ ಮಾಡಿ, ಪ್ರೈಮರಿ-ಸೆಕೆಂಡರಿ ನಡುವೆ 8 ಮಿಲಿಮೀಟರ್ ಬಿಟ್ಟು, ಚೆನ್ನಾಗಿ ಒಣಗಿಸಿದ ಮೇಲೆ ವಾರ್ನಿಶ್ ಹೊಡೆಯಿರಿ. ಬಾಕ್ಸಿಗೆ ಕೇಬಲ್ ತೂತು ಕೆಳಗಡೆಗೇ ಇರಲಿ, ಕೇಬಲ್ ಸುತ್ತ ತೂತು ಮುಚ್ಚುವ ಗ್ಲ್ಯಾಂಡ್ ಮಾತ್ರ ಮರೆಯಬೇಡಿ. ನನ್ನ ಎರಡನೇ ಬೋರ್ಡ್ ಹೋಗಿದ್ದು ಅಲ್ಲಿಂದ ನುಗ್ಗಿದ ಇರುವೆಗಳಿಂದ.