ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿನ ಕಡೆ ಕಂಪನಿ ಕಟ್ಟಬಹುದೇ? ಮೊದಲನೆಯದು ನಿಂತುಹೋದರೆ ಮುಂದೇನು?

ನೀವು ಕೇಳಿರುವುದು ಎರಡು ಪ್ರಶ್ನೆ. ಚಿಂತಾಮಣಿಯವರಾದ ನೀವು ಒಂಬತ್ತು ವರ್ಷ ಬೆಂಗಳೂರಿನಲ್ಲಿ ಡೆವಲಪರ್ ಆಗಿ ದುಡಿದಿದ್ದೀರಿ. ಮನೆ ಸಾಲದ ಕಂತು ಇರುವಾಗ ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡಬಹುದೇ ಎಂಬುದು ಒಂದು. ಮೊದಲ ಕಂಪನಿ ನಿಂತುಹೋದರೆ ಎರಡನೆಯದನ್ನು ಯಾರಾದರೂ ನಂಬುತ್ತಾರೆಯೇ ಎಂಬುದು ಇನ್ನೊಂದು. ನಾನು ಕೋಲಾರದವನು. ಕೋಡ್ ಬರೆಯುವ ಸಂಬಳದ ಕೆಲಸ ಬಿಟ್ಟು ಬಂದು ಈಗ ಮೂರನೆಯ ಕಂಪನಿ ನಡೆಸುತ್ತಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದರಿಂದಲೇ ಆರಂಭಿಸುತ್ತೇನೆ.

ನನ್ನ ಮೊದಲ ಕಂಪನಿ ಟೊಮೆಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತಿತ್ತು. ಕೋಲಾರದ ಎಪಿಎಂಸಿಯಲ್ಲಿ ಹರಾಜು ನಡೆಯುವುದನ್ನು ನೀವೂ ನೋಡಿರುತ್ತೀರಿ. 15 ಕೆ.ಜಿ. ಬಾಕ್ಸಿಗೆ ಇಷ್ಟು ಎಂದು ದರ ಕೂಗುತ್ತಾರೆ. ಒಬ್ಬನೇ ರೈತನ ಮಾಲು ಗಾತ್ರ, ಬಣ್ಣ ನೋಡಿ ಬೇರೆ ಬೇರೆ ದರಕ್ಕೆ ಬೇರೆ ಬೇರೆ ಖರೀದಿದಾರರ ಪಾಲಾಗುತ್ತದೆ. ರೈತ ಮೊದಲೇ ಪಡೆದ ಮುಂಗಡ, ಸಾಗಣೆ ಬಾಡಿಗೆ, ಹಮಾಲಿ, ವಾಪಸ್ ಬರಬೇಕಾದ ಖಾಲಿ ಬಾಕ್ಸ್ ಎಲ್ಲದರ ಲೆಕ್ಕವೂ ಹರಾಜು ಮುಗಿದ ಬೆನ್ನಲ್ಲೇ ಪಟ್ಟಿಯಾಗಿ ಅವನ ಕೈಗೆ ಬರಬೇಕು. ಇದನ್ನು ಮೊಬೈಲ್‌ನಲ್ಲೇ ಮುಗಿಸುವ ಹಾಗೆ ಮಾಡಿಕೊಟ್ಟೆವು. ಮಂಡಿಯವರು ಇಷ್ಟಪಟ್ಟು ಬಳಸಿದರು. ಆದರೆ ನಾವು ತಿಂಗಳ ಶುಲ್ಕ ಕೇಳುತ್ತಿದ್ದೆವು, ಟೊಮೆಟೊಗೆ ತಿಂಗಳ ಲೆಕ್ಕವೇ ಇಲ್ಲ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದ ಬೆಳೆ ಅದು. ಅದೇ ಬೆಳೆಯನ್ನು ದರ ಬಿದ್ದಾಗ ರೈತರು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ದರ ಬಿದ್ದ ತಿಂಗಳಲ್ಲಿ ಮಂಡಿಯಲ್ಲಿ ಯಾರ ಕೈಯಲ್ಲೂ ದುಡ್ಡು ಆಡುವುದಿಲ್ಲ, ನಮ್ಮ ಹುಡುಗರ ಸಂಬಳ ಮಾತ್ರ ಒಂದನೇ ತಾರೀಕಿಗೆ ಆಗಲೇಬೇಕು. ಆ ಆದಾಯದಲ್ಲಿ ಕಂಪನಿ ಉಳಿಯುವುದಿಲ್ಲ ಎಂದು ಖಚಿತವಾದಾಗ, ಬ್ಯಾಂಕಿನಲ್ಲಿ ಇನ್ನೂ ಹಣವಿರುವಾಗಲೇ ಮುಚ್ಚುವ ತೀರ್ಮಾನ ಮಾಡಿದೆವು.

ಹಣವಿರುವಾಗಲೇ ಎಂಬುದನ್ನು ದಯವಿಟ್ಟು ಗಮನಿಸಿ. ವರ್ಷದ ಶುಲ್ಕ ಮುಂಗಡವಾಗಿ ಕೊಟ್ಟಿದ್ದ ಮಂಡಿಗಳಿಗೆ ಬಳಸದ ತಿಂಗಳುಗಳ ಹಣವನ್ನು ಹಿಂದಿರುಗಿಸಿದೆವು. ಪ್ರತಿಯೊಬ್ಬರ ಹಳೆಯ ಲೆಕ್ಕವನ್ನೂ ಎಕ್ಸೆಲ್ ಕಡತವಾಗಿ ಇಳಿಸಿ, ಅವರ ಗುಮಾಸ್ತರಿಗೆ ತೆರೆದು ತೋರಿಸಿ ಒಪ್ಪಿಸಿದೆವು. ಕೆಲಸದವರ ಕೊನೆಯ ಸಂಬಳ, ಪಿಎಫ್ ಚುಕ್ತಾ ಆಯಿತು. ಕೈಯಲ್ಲಿ ಕಾಸಿಲ್ಲದ ದಿನ ಮುಚ್ಚಲು ಹೊರಟವರಿಗೆ ಇದ್ಯಾವುದೂ ಸಾಧ್ಯವಿಲ್ಲ. ಅವರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಕೋಲಾರ, ಚಿಂತಾಮಣಿಯಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಫೋನ್ ಎತ್ತದವನ ಹೆಸರು ವ್ಯಾಪಾರಕ್ಕಿಂತ ಮೊದಲೇ ಊರು ಸುತ್ತಿರುತ್ತದೆ.

ಕಾನೂನಿನ ಕಡೆಯೂ ಇದಕ್ಕಿಂತ ಸಡಿಲವಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಒಂದು ರೂಪಾಯಿ ವ್ಯವಹಾರ ಮಾಡದಿದ್ದರೂ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಆಗಬೇಕು, ಹಣಕಾಸು ವಿವರ ಮತ್ತು ವಾರ್ಷಿಕ ವಿವರಗಳನ್ನು ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ತಡವಾದರೆ ಒಂದೊಂದು ಅರ್ಜಿಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ ಮೂರು ಆರ್ಥಿಕ ವರ್ಷ ಸಲ್ಲಿಸದಿದ್ದರೆ 2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದರ ನಿರ್ದೇಶಕರು ಐದು ವರ್ಷ ಅನರ್ಹರು. ಬೇರೆ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. ಅಂದರೆ ಮೊದಲ ಕಂಪನಿಯನ್ನು ಹಾಗೆಯೇ ಬಿಟ್ಟು ಎದ್ದುಹೋದರೆ ಎರಡನೆಯ ಕಂಪನಿಯ ಬಾಗಿಲು ಕಾಗದದ ಮೇಲೂ ಮುಚ್ಚುತ್ತದೆ. ಸರಿಯಾದ ದಾರಿ ಅದೇ ಕಾಯ್ದೆಯ 248ನೇ ಸೆಕ್ಷನ್, ಅಂದರೆ ಕಂಪನಿಯ ಹೆಸರನ್ನು ಸರ್ಕಾರದ ದಾಖಲೆಯಿಂದಲೇ ತೆಗೆಸುವುದು. ಸಾಲ, ಬಾಕಿಗಳನ್ನೆಲ್ಲ ತೀರಿಸಿ, ಷೇರುದಾರರ ಒಪ್ಪಿಗೆ ಪಡೆದು, ಎಸ್‌ಟಿಕೆ-2 ಅರ್ಜಿಯನ್ನು 10,000 ರೂಪಾಯಿ ಶುಲ್ಕದೊಂದಿಗೆ ಸಲ್ಲಿಸಬೇಕು. ವ್ಯವಹಾರ ನಡೆಸಿದ ಕಂಪನಿಯಾದರೆ ಸಾಮಾನ್ಯವಾಗಿ ಅದು ನಿಂತು ಎರಡು ಆರ್ಥಿಕ ವರ್ಷ ಕಳೆದಿರಬೇಕು. ಆ ಎರಡು ವರ್ಷದ ವಿವರಗಳನ್ನೂ ತಪ್ಪದೆ ಸಲ್ಲಿಸುತ್ತಿರಬೇಕು. ಇದರ ಖರ್ಚನ್ನು ಮುಚ್ಚುವ ದಿನವೇ ಎತ್ತಿಡಿ. ಇದನ್ನೆಲ್ಲ ಗೊತ್ತಿರುವ ಲೆಕ್ಕಪರಿಶೋಧಕರನ್ನು ಮೊದಲ ವರ್ಷದಿಂದಲೇ ಜೊತೆಯಲ್ಲಿ ಇಟ್ಟುಕೊಳ್ಳಿ.

ನನ್ನ ಎರಡನೆಯ ಕಂಪನಿ ಹುಟ್ಟಿದ್ದು ಹಾಗೆ ಹಣ ಹಿಂದಿರುಗಿಸಿದ ಒಬ್ಬ ಮಂಡಿ ಮಾಲೀಕರಿಂದ. ಅವರ ಬಾಮೈದ ಶಿಡ್ಲಘಟ್ಟದ ಬಳಿ ಚಾಕಿ ಕೇಂದ್ರ ನಡೆಸುತ್ತಾರೆ. ರೇಷ್ಮೆಯ ಮೊಟ್ಟೆ ಒಡೆದ ಮೇಲೆ ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಮರಿಹುಳುಗಳನ್ನು ಸಾಕಿ ರೈತರಿಗೆ ಕೊಡುವ ಕೇಂದ್ರ. “ಇವನ ಡೈರಿ ಲೆಕ್ಕ ನೋಡಿ ನನಗೇ ತಲೆ ಕೆಡುತ್ತದೆ, ಒಮ್ಮೆ ಬಂದು ಹೋಗಿ” ಎಂದರು. ಹೋಗಿ ನೋಡಿದರೆ ಯಾವ ರೈತನಿಗೆ ಎಷ್ಟು ನೂರು ಮೊಟ್ಟೆ, ಯಾವ ತಳಿ, ಯಾವ ತಾರೀಕು, ಎಷ್ಟು ಮುಂಗಡ ಎಲ್ಲವೂ ಡೈರಿಯಲ್ಲಿತ್ತು. ಒಬ್ಬ ರೈತನಿಗೆ ಎರಡು ದಿನ ಮುಂದಕ್ಕೆ ಬೇಕು, ಇನ್ನೊಬ್ಬನ ಹುಳುಮನೆ ಇನ್ನೂ ತೊಳೆದಿಲ್ಲ. ಹುಳು ಯಾರಿಗೂ ಕಾಯುವುದಿಲ್ಲ. ಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ತಂಡವೇ ಹಾಳು. ಇಂಥ ಕಡೆ ಸಾಫ್ಟ್‌ವೇರ್ ಬೆಲೆಯನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಈ ಸಲ ತಿಂಗಳ ಶುಲ್ಕವಿಲ್ಲ. ಮಾರಾಟವಾದ ಪ್ರತಿ ನೂರು ಮೊಟ್ಟೆಯ ಮರಿಗೆ ಇಷ್ಟು ಎಂದು ಗೊತ್ತುಪಡಿಸಿಕೊಂಡೆವು. ಅವರಿಗೆ ದುಡ್ಡು ಬಂದ ದಿನ ನಮಗೂ ಬರುತ್ತದೆ. ಮೊದಲ ಕಂಪನಿಯಲ್ಲಿ ಬೆಂಬಲ ವಿಭಾಗ ನೋಡಿಕೊಳ್ಳುತ್ತಿದ್ದ ಮಾಲೂರಿನ ಹುಡುಗಿಯೇ ಇಂದು ಇದರ ಪಾಲುದಾರಳಾಗಿ ಪೂರ್ತಿ ವ್ಯವಹಾರ ನಡೆಸುತ್ತಾಳೆ. ಆಕೆಯ ಬಗ್ಗೆ ನನಗೆ ಬಹಳ ಹೆಮ್ಮೆ. ಬೆಂಗಳೂರಿಗೆ ಹೋಗದೆ ಶಿಡ್ಲಘಟ್ಟದಲ್ಲೇ ಕೂತು ಕೆಲಸ ಮಾಡುವ ತಂಡವನ್ನು ಆಕೆ ಕಟ್ಟಿದ್ದಾಳೆ. ನಾನೀಗ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳಿಗಾಗಿ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಅದರ ಮೊದಲ ಗ್ರಾಹಕರೂ ಹಳೆಯ ಪರಿಚಯದವರೇ.

ಶಿಡ್ಲಘಟ್ಟ ಎಂದಾಗ ಇನ್ನೊಂದು ಮಾತು. ಅಲ್ಲೇ ಹುಟ್ಟಿದ ಎನ್.ಆರ್. ನಾರಾಯಣಮೂರ್ತಿಯವರ ಮೊದಲ ಕಂಪನಿ ಇನ್ಫೋಸಿಸ್ ಅಲ್ಲ. ಪುಣೆಯಲ್ಲಿ ಸಾಫ್ಟ್ರಾನಿಕ್ಸ್ ಎಂಬುದನ್ನು ಶುರು ಮಾಡಿದ್ದರು, ಅದು ನಡೆಯಲಿಲ್ಲ. ಆಮೇಲೆ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಸಂಬಳಕ್ಕೆ ಸೇರಿದರು. 1981ರಲ್ಲಿ ಇನ್ಫೋಸಿಸ್ ಕಟ್ಟುವಾಗ ಜೊತೆಗೆ ಬಂದವರು ಪಟ್ನಿಯ ಸಹೋದ್ಯೋಗಿಗಳೇ. ಕಂಪನಿ ನಿಂತ ಮೇಲೆ ಮತ್ತೆ ಕೆಲಸಕ್ಕೆ ಸೇರುವುದು ಅವಮಾನವೇ ಎಂದು ನೀವು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, ಖಂಡಿತ ಅಲ್ಲ. ಮುಂದಿನ ಪಾಲುದಾರರು ಸಿಗುವುದು ಹೆಚ್ಚಾಗಿ ಅಂಥ ಕಡೆಯೇ.

ಇನ್ನು ಮೊದಲ ಪ್ರಶ್ನೆ. ಕೆಲಸ ಬಿಡಬಹುದು, ಆದರೆ ದುಡ್ಡು ಕೊಡುವ ಇಬ್ಬರು ಮೂವರು ಗ್ರಾಹಕರನ್ನು ಗುರುತಿಸಿಕೊಂಡ ಮೇಲೆ. “ಚೆನ್ನಾಗಿದೆ” ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮುಂಗಡ ಕೊಡಲು ಒಪ್ಪಿದವರನ್ನು ಮಾತ್ರ ಹಿಡಿಯಿರಿ. ನಿಮ್ಮ ನೇಮಕಾತಿ ಒಪ್ಪಂದವನ್ನು ಒಮ್ಮೆ ವಕೀಲರಿಗೆ ತೋರಿಸಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದ ಕೋಡ್ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಾಲೀಕರದ್ದು. ಆದ್ದರಿಂದ ಸ್ವಂತ ಕೆಲಸಕ್ಕೆ ಕಚೇರಿಯ ಲ್ಯಾಪ್‌ಟಾಪ್ ಮುಟ್ಟಲೇಬೇಡಿ. ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಬೇಕಾಗಿಲ್ಲ, ನಿಮ್ಮ ಹೆಸರಿನಲ್ಲೇ ಶುರು ಮಾಡಬಹುದು. ಸೇವೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಪಾಲುದಾರರು ಅಥವಾ ಹೂಡಿಕೆದಾರರು ಬಂದಾಗ ಕಂಪನಿ ಮಾಡಿಕೊಳ್ಳಿ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದನ್ನು ಮಾತ್ರ ಬೇಗ ಮಾಡಿಸಿ. ದೊಡ್ಡ ಗ್ರಾಹಕರು ಬಾಕಿ ಎಳೆದರೆ, 45 ದಿನದೊಳಗೆ ಪಾವತಿಸಬೇಕು ಎಂಬ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯನ್ನು ಮುಂದಿಡಲು ಅದು ಬೇಕಾಗುತ್ತದೆ.

ರಾಜೀನಾಮೆ ಪತ್ರ ಕೊಡುವುದಕ್ಕೆ ಮುಂಚೆ ಮನೆಗೆ ಸಂಬಂಧಿಸಿದ ಒಂದು ಕೆಲಸ ಮುಗಿಸಿ. ಕಚೇರಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಿ. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದು. ಕೆಲಸದಲ್ಲಿರುವಾಗಲೇ ಅವರ ಹೆಸರಿನಲ್ಲಿ ಬೇರೆ ಪಾಲಿಸಿ ತೆಗೆದುಕೊಂಡರೆ ಆ ಅವಧಿಯ ಒಂದಷ್ಟು ಭಾಗ ಸಂಬಳ ಬರುತ್ತಿರುವಾಗಲೇ ಕಳೆಯುತ್ತದೆ. ಈಗಿನ ಗುಂಪು ವಿಮೆಯಿಂದಲೇ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆಯೇ ಎಂದೂ ಅದೇ ವಿಮಾ ಕಂಪನಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.