ಇಸಿಜಿ ನಾರ್ಮಲ್ ಬಂದರೂ ರಕ್ತ ಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ತೋಟದಲ್ಲಿ ಏಕಾಏಕಿ ಎದೆನೋವು ಬಂತು. ಇಸಿಜಿ ನಾರ್ಮಲ್ ಇದ್ದರೂ ದಾವಣಗೆರೆಗೆ ಕಳಿಸಿ, ಅಲ್ಲಿ ಒಂದೇ ರಕ್ತ ಪರೀಕ್ಷೆಯನ್ನು ಎರಡು ಸಲ ಮಾಡಿದರು. ಅದರ ಬದಲು ಸೀದಾ ಸಿಟಿ ಸ್ಕ್ಯಾನ್ ಮಾಡಬಹುದಿತ್ತಲ್ವಾ?
– ಓದುಗರು, ಚನ್ನಗಿರಿ

ಉತ್ತರ: ಅವರು ಮಾಡಿದ್ದೇ ಸರಿ. ಮೊದಲ ಇಸಿಜಿ ಚೆನ್ನಾಗಿದ್ದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಅಲ್ಲ ಎನ್ನಲಾಗದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದರೊಳಗಿನ ಟ್ರೋಪೊನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಆ ರಕ್ತ ಪರೀಕ್ಷೆ ಅಳೆಯುವುದು ಇದನ್ನೇ, ಆದರೆ ಏರಲು ಸಮಯ ಬೇಕು, ಜೊತೆಗೆ ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ ಅದು ಮೊದಲೇ ಸ್ವಲ್ಪ ಜಾಸ್ತಿ ಇರಬಹುದು, ಹಾಗಾಗಿ ಎರಡು ಸಲ ನೋಡಿ ಏರಿಳಿತ ಹಿಡಿಯುತ್ತಾರೆ. ಸಿಟಿ ಎಲ್ಲರಿಗೂ ಬೇಡ. ನೋವು ಸೀಳಿದಂತೆ ಬೆನ್ನಿಗೆ ಹೋದರೆ, ಎರಡು ಕೈಗಳ ಬಿಪಿಯಲ್ಲಿ ತುಂಬಾ ವ್ಯತ್ಯಾಸವಿದ್ದರೆ, ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿರುವ ಅನುಮಾನಕ್ಕೆ ಸಿಟಿ ಆಂಜಿಯೋಗ್ರಾಂ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್) ಬೇಕೇ ಬೇಕು. ನೋವಿರುವಾಗ ಟ್ರೆಡ್‌ಮಿಲ್ ಟೆಸ್ಟ್ (ಯಂತ್ರದ ಮೇಲೆ ನಡೆಸಿ ಇಸಿಜಿ ನೋಡುವುದು) ಮಾತ್ರ ಬೇಡವೇ ಬೇಡ. ಮತ್ತೆ ನೋವು ಬಂದರೆ ಗ್ಯಾಸ್ ಎಂದು ಸುಮ್ನೆ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಹಳೇ ಇಸಿಜಿ ಜೊತೆಗೇ ಒಯ್ಯಿರಿ.