1024×768ರಲ್ಲೇ ನಿಂತ ಪರದೆಗೆ: ಮೊದಲು ಕೇಬಲ್ ನೋಡಿ

ತೀರ್ಥಹಳ್ಳಿಯ ನಿಮ್ಮ ಅಂಗಡಿಯ ಲಿನಕ್ಸ್ ಮಿಂಟ್ (ಒಂದು ಆಪರೇಟಿಂಗ್ ಸಿಸ್ಟಮ್) ಇರುವ ಕಂಪ್ಯೂಟರಿನಲ್ಲಿ ಪರದೆಯ ಅಳತೆಗೆ (ರೆಸಲ್ಯೂಷನ್) 1920×1080 ಆಯ್ಕೆಯೇ ಮಾಯವಾಗಿ 1024×768 ಉಳಿದಿದೆ ಎಂದಿದ್ದೀರಿ. ದಯವಿಟ್ಟು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಮಾನಿಟರ್ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಮಾಹಿತಿಯಾಗಿ ಕೇಬಲ್ ಮೂಲಕವೇ ತಿಳಿಸುತ್ತದೆ. ಅದು ತಲುಪದಿದ್ದಾಗ ಲಿನಕ್ಸ್ ಸಾಮಾನ್ಯವಾಗಿ ಈ ಸುರಕ್ಷಿತ ಅಳತೆಗೆ ಇಳಿಯುತ್ತದೆ. ನಿಮ್ಮದು ಹಳೆಯ ವಿಜಿಎ ಕೇಬಲ್. ಮಲೆನಾಡಿನ ಮಳೆಗಾಲದ ತೇವಕ್ಕೆ ಪಿನ್‌ಗಳು ಕಿಲುಬು ಹಿಡಿಯುತ್ತವೆ, ನನ್ನ ಬಲವಾದ ಅನುಮಾನ ಅಲ್ಲಿಯೇ. ಕಂಪ್ಯೂಟರ್ ಆಫ್ ಮಾಡಿ, ಎರಡೂ ತುದಿ ಬಿಚ್ಚಿ ಒರೆಸಿ. ಸಾಧ್ಯವಾದರೆ ಎಚ್‌ಡಿಎಂಐ ಕೇಬಲ್ ಹಾಕಿ. ಆಗಲೂ ಬಾರದಿದ್ದರೆ ಗ್ರಬ್ (ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಲೋಡ್ ಮಾಡುವ ತಂತ್ರಾಂಶ) ಸೆಟ್ಟಿಂಗಿನಲ್ಲಿ, ಗ್ರಾಫಿಕ್ಸ್ ಡ್ರೈವರ್ ಪರದೆಯ ಅಳತೆ ಹೊಂದಿಸದಂತೆ ತಡೆಯುವ ‘ನೋಮೋಡ್‌ಸೆಟ್’ ಎಂಬ ಪದ ಉಳಿದಿದೆಯೇ ನೋಡಿ, ಇದ್ದರೆ ತೆಗೆದು ಗ್ರಬ್ ಅಪ್‌ಡೇಟ್ ಮಾಡಿ. ಪರದೆಯ ಅಳತೆ ಬದಲಿಸುವ ಎಕ್ಸ್‌ರ್ಯಾಂಡರ್ ಎಂಬ ಕಮಾಂಡ್‌ನಿಂದ ಹೊಸ ಮೋಡ್ (ಅಳತೆ) ಸೇರಿಸುವುದು ಕೊನೆಯ ದಾರಿ, ಏಕೆಂದರೆ ರೀಬೂಟ್ ಆದೊಡನೆ ಅದು ಅಳಿಸಿಹೋಗುತ್ತದೆ.